ಅರವತ್ತಕ್ಕೆ ಹತ್ತು ಕಡಿಮೆ

ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷಕರು ಮನೆಯಲ್ಲಿ ಹೇಗಿರುತ್ತಾರೆ ಎಂದು ಹೆಣ್ಣು ಕೊಡುವವರು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದ್ದರೆ ನಮ್ಮ ಅಕ್ಕನ ಮದುವೆ ಆಗುತ್ತಿತ್ತೋ ಇಲ್ಲವೋ. ನಮ್ಮ ಭಾವ ಹಾಲಿನ ಪಾತ್ರೆಯ ಒಳಗೆ ಗೀಟು ಕೊರೆದಿದ್ದಾರೆ. ಬ್ರೆಡ್ಡಿನ ಪೊಟ್ಟಣವನ್ನು ತೂಗದೆ ಒಳಗೆ ಬಿಡುವುದಿಲ್ಲ. ಒಮ್ಮೆ ಅಕ್ಕ ಒಲೆಯ ಮುಂದಿನಿಂದ "ಒಂದು ಚಮಚ ಸಕ್ಕರೆ ಹಾಕ್ರೀ" ಎಂದದ್ದಕ್ಕೆ, "ಮಟ್ಟಸ ಸವರಿದ್ದೋ, ಗೋಪುರ ಕಟ್ಟಿದ್ದೋ?" ಎಂದು ಕೇಳಿದರು. ಆ ದಿನ ನಮಗೆ ಯಾರಿಗೂ ಚಹಾ ಸಿಗಲಿಲ್ಲ. ಬೀದಿಯವರು ಅವರನ್ನು ತಕ್ಕಡಿ ಸಾರ್ ಎನ್ನುತ್ತಾರೆ. ಮುಖದೆದುರು ತಕ್ಕಡಿ ಸಾರ್, ಬೆನ್ನ ಹಿಂದೆ ಬರೀ ತಕ್ಕಡಿ.

ನಾನು ಈ ಮನೆಗೆ ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದವನು. ಬಂದು ನಾಲ್ಕು ವರ್ಷವಾಯಿತು. ಎಲ್ಲವನ್ನೂ ಅಳೆಯುವ ಭಾವ ಇದೊಂದನ್ನು ಇನ್ನೂ ಅಳೆದಿಲ್ಲ. ಆ ಕಾರಣಕ್ಕೇ ಅವರ ವಿಷಯದಲ್ಲಿ ನನಗೆ ಬಹಳ ಗೌರವ.

ಎರಡು ವರ್ಷದ ಹಿಂದೆ ಅಮ್ಮನೂ ಇಲ್ಲಿಗೇ ಬಂದಳು. ಒಂದು ಬೆಳಿಗ್ಗೆ ಅವಳ ಬಲಗೈ ಹೇಳಿದ ಮಾತು ಕೇಳುವುದನ್ನು ನಿಲ್ಲಿಸಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಸ್ವಲ್ಪ ಕೇಳತೊಡಗಿತು, ಆದರೆ ತಡವಾಗಿ. ಲೋಟ ಹಿಡಿ ಎಂದರೆ ಲೋಟ ಕೆಳಗೆ ಬಿದ್ದ ಮೇಲೆ ಬೆರಳು ಮುಚ್ಚುತ್ತಿತ್ತು. ಬೆರಳಿಗೆ ದಿನಾ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದರು. ಆಗ ಭಾವ ಅಟ್ಟ ಹತ್ತಿ, ತಾವು ಬ್ರಹ್ಮಚಾರಿಯಾಗಿದ್ದಾಗ ಹಡಗಿನ ಕೆಲಸದವನೊಬ್ಬನಿಂದ ಕೊಂಡಿದ್ದ ವಿಡಿಯೋ ಗೇಮಿನ ಬೂದು ಪೆಟ್ಟಿಗೆಯನ್ನು ಕೆಳಗಿಳಿಸಿದರು. ಅತ್ತೆಗಾಗಿ ಅಳಿಯ ಅಟ್ಟ ಹತ್ತಿದ್ದು ನಮ್ಮ ವಂಶದಲ್ಲಿ ಅದೇ ಮೊದಲು.

ಅದರೊಳಗೆ ಇದ್ದದ್ದು ಒಂದೇ ಆಟ. ಹೆಸರಿನ ಚೀಟಿ ಹರಿದುಹೋಗಿತ್ತು. ಗಿಡ್ಡನೆಯ ಒಬ್ಬ ಮನುಷ್ಯ, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಬೆಂಕಿ. ಸಂಜೆ ಇಳಿಯುತ್ತಿರುವ ಒಂದು ಊರು. ಅವನು ಒಂದು ಮನೆಯ ಮಾಡಿನಿಂದ ಇನ್ನೊಂದರ ಮಾಡಿಗೆ ಹಾರುತ್ತ ಬೀದಿದೀಪಗಳನ್ನು ಹಚ್ಚಿಕೊಂಡು ಹೋಗಬೇಕು. ಎಂಟು ಬೀದಿ. ಹಚ್ಚಿದ ದೀಪಕ್ಕೆ ಪತಂಗಗಳು ಮುತ್ತುತ್ತವೆ; ಪತಂಗ ತಾಗಿದರೆ ಕೋಲಿನ ಬೆಂಕಿ ಆರಿ, ಆಟ ಮತ್ತೆ ಮೊದಲಿಂದ. ಅಮ್ಮ ಅವನಿಗೆ ದೀಪದಣ್ಣ ಎಂದು ಹೆಸರಿಟ್ಟಳು.

ದೀಪದಣ್ಣನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಹಾರಿದರೆ ನಡುವೆ ಗಾಳಿಯಲ್ಲಿ ತುಸು ನಿಂತು, ಇಳಿಯಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಇಳಿಯುತ್ತಿದ್ದ. ಪತಂಗಗಳು ಹೆಚ್ಚಿದಂತೆ ಹಳೆಯ ಪೆಟ್ಟಿಗೆಗೆ ಅಷ್ಟನ್ನೂ ಒಟ್ಟಿಗೆ ಬಿಡಿಸಲು ಆಗದೆ ಆಟ ಇನ್ನೂ ನಿಧಾನವಾಗುತ್ತಿತ್ತು. ಆಗ ನೀಲಿ ಮಾಡುಗಳ ಮೇಲೆ ಎಲ್ಲವೂ ನೀರಿನೊಳಗೆ ನಡೆದಂತೆ ನಡೆಯುತ್ತಿತ್ತು. ಹಾಡು ಕೂಡ ಮಗು ತೂಗುವ ಹಾಡಿನ ಹಾಗೆ ಎಳೆದೆಳೆದು ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅಕ್ಕ ಕಿಟಕಿಯ ಪರದೆ ಎಳೆಯುವಳು. ಅಮ್ಮ ಕುರ್ಚಿಯಲ್ಲಿ ಕೂತು ಆಟದ ರಿಮೋಟು ತೊಡೆಯ ಮೇಲಿಟ್ಟುಕೊಳ್ಳುವಳು. ನಾನು ಸೋಫಾದ ಮೇಲೆ ಒರಗಿ ಅರ್ಧ ಕಣ್ಣು ಮುಚ್ಚಿದರೆ, ನಮ್ಮ ಮನೆ ಯಾವುದು ಆ ಊರು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಯಾವುದೋ ಮಾಡಿನ ಮೇಲೆ ನಾನೂ ಮಲಗಿದ್ದೇನೆ ಅನ್ನಿಸಿ, ಬೀಳಬಾರದೆಂದು ಸೋಫಾದ ಕೈ ಹಿಡಿದುಕೊಂಡದ್ದುಂಟು.

ಈ ಎರಡು ವರ್ಷದಲ್ಲಿ ಅಮ್ಮ ಏಳನೇ ಬೀದಿಗೆ ಬಂದಿದ್ದಳು. ರವಿಕೆಯ ಗುಂಡಿಯನ್ನು ತಾನೇ ಹಾಕಿಕೊಳ್ಳುವಷ್ಟು ಅವಳ ಹೆಬ್ಬೆರಳು ಚೇತರಿಸಿತ್ತು. "ಎಂಟನೇ ಬೀದಿ ನೋಡದೆ ನಾನು ಎಲ್ಲಿಗೂ ಹೋಗಲ್ಲ" ಎಂದು ಡಾಕ್ಟರ ಮುಖಕ್ಕೇ ಹೇಳಿದ್ದಳು.

ಇಂಥ ಮನೆಗೆ ಒಂದು ಮಧ್ಯಾಹ್ನ ಏಣಿ ಕೇಳಿಕೊಂಡು ಬಂದವರು ಮಹಡಿಯ ಹೊಸ ಬಾಡಿಗೆದಾರರು. ಅವರದು ಕನ್ನಡಕದ ಅಂಗಡಿ. ಕಣ್ಣಿಗೆ ಸಂಬಂಧಪಟ್ಟ ಯಾವುದನ್ನೂ ಅವರು ಸುಮ್ಮನೆ ಬಿಡುವವರಲ್ಲ.

"ಅಯ್ಯೋ, ಈ ಆಟ! ಚಿಕ್ಕೋನಿದ್ದಾಗ ನಾನೂ ಆಡಿದೀನಿ" ಎಂದು ಬಾಗಿಲಲ್ಲೇ ನಿಂತರು. "ಆದ್ರೆ ಇವನ್ಯಾಕೆ ಇಷ್ಟು ನಿಧಾನ? ಜ್ವರ ಗಿರ ಬಂದಿದೆಯಾ?"

"ಅವನು ಹಾಗೇನೇ. ನಿಧಾನಸ್ಥ" ಎಂದಳು ಅಮ್ಮ.

ಕನ್ನಡಕದವರಿಗೆ ಸಮಾಧಾನವಾಗಲಿಲ್ಲ. ಫೋನು ತೆಗೆದು ಟೀವಿಯ ಮುಂದೆ ಹಿಡಿದು ವಿಡಿಯೋ ತೆಗೆದುಕೊಂಡು, ಅದನ್ನು ಹಿಂದೆ ಮುಂದೆ ಓಡಿಸಿ ಎಣಿಸಿದರು. ಆಮೇಲೆ ಭಾವನ ಕಡೆ ತಿರುಗಿದರು.

"ಸಾರ್, ಟೀವೀಲಿ ಓಡೋದೆಲ್ಲ ಬಿಡಿ ಬಿಡಿ ಚಿತ್ರ ಅಲ್ವಾ. ಒಂದೊಂದು ಚಿತ್ರ ಅಂದ್ರೆ ಒಂದು ಫ್ರೇಮು. ಈ ಪೆಟ್ಟಿಗೆ ಬಂದ ರಟ್ಟಿನ ಡಬ್ಬದ ಮೇಲೆ ಸೆಕೆಂಡಿಗೆ ಎಷ್ಟು ಫ್ರೇಮು ಅಂತ ಬರೆದಿದೆ?"

ಭಾವ ಡಬ್ಬ ತಂದು ಓದಿದರು. "ಅರವತ್ತು."

"ಇದು ಕೊಡ್ತಿರೋದು ಐವತ್ತು. ಆ ಕಾಲದಲ್ಲಿ ಕೆಲವು ದೇಶದ ಟೀವಿಗೆ ಅರವತ್ತು, ಕೆಲವು ದೇಶದ್ದಕ್ಕೆ ಐವತ್ತು ಅಂತ ಎರಡು ಥರ ಮಾಡ್ತಿದ್ರು. ನಿಮ್ಮ ಡಬ್ಬ ಒಂದು ಕಡೇದು, ಪೆಟ್ಟಿಗೆ ಇನ್ನೊಂದು ಕಡೇದು. ಐವತ್ತರ ಪೆಟ್ಟಿಗೇಲಿ ಆಟಾನೂ ನಿಧಾನ, ಹಾಡೂ ನಿಧಾನ. ದೊಡ್ಡ ವಿಷಯ ಏನಲ್ಲ ಬಿಡಿ. ಏಣಿ ಎಲ್ಲಿದೆ?"

ದೊಡ್ಡ ವಿಷಯ ಏನಲ್ಲ ಎಂಬ ಮಾತನ್ನು ನಮ್ಮ ಭಾವನ ಮುಂದೆ ಆಡಬಾರದು. ಅವರು ಮೆಲ್ಲಗೆ ಕುರ್ಚಿ ಹುಡುಕಿ ಕೂತರು.

"ಅರವತ್ತಕ್ಕೆ ಹತ್ತು ಕಡಿಮೆ" ಎಂದರು. "ಆರರಲ್ಲಿ ಒಂದು ಪಾಲು. ಒಂದು ಕಿಲೋ ಸಕ್ಕರೇಲಿ ನೂರ ಅರವತ್ತಾರು ಗ್ರಾಂ! ನನ್ನ ಮನೇಲಿ!"

"ರೀ, ಅದು ಸಕ್ಕರೆ ಅಲ್ಲ, ಆಟ" ಎಂದಳು ಅಕ್ಕ.

"ಡಬ್ಬದ ಮೇಲೆ ಬರೆದ್ಮೇಲೆ ಎಲ್ಲಾನೂ ಅಳತೇನೇ ಕಣೇ." ಭಾವ ಕಾಗದ ಪೆನ್ನು ತಂದರು. "ಸೆಕೆಂಡಿಗೆ ಹತ್ತು. ದಿನಕ್ಕೆ ಎರಡು ಗಂಟೆ. ಎರಡು ವರ್ಷ." ಗುಣಿಸಿದರು. ಇನ್ನೊಮ್ಮೆ ಗುಣಿಸಿದರು. "ಅತ್ತೆ, ನಿಮಗೆ ಐದು ಕೋಟಿ ಚಿಲ್ಲರೆ ಚಿತ್ರ ಕಡಿಮೆ ಬಿದ್ದಿದೆ!"

"ಅಷ್ಟನ್ನೆಲ್ಲ ಇಟ್ಕೊಂಡು ನಾನೇನು ಮಾಡ್ಲಿ ಅಳಿಯಂದ್ರೆ" ಎಂದು ಅಮ್ಮ ಮೂರನೇ ದೀಪ ಹಚ್ಚಿದಳು.

ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಇಲಾಖೆಯ ಕೈಪಿಡಿಯಲ್ಲಿ, ಯಾರೂ ಓದದ ಒಂದು ಪುಟದಲ್ಲಿ, ಪರೀಕ್ಷಕರ ವಾಸದ ಮನೆಯಲ್ಲಿ ಸುಳ್ಳು ಅಳತೆಯ ಯಾವ ಸಾಧನವೂ ಇರತಕ್ಕದ್ದಲ್ಲ ಎಂದು ಬರೆದಿದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ತಕ್ಕಡಿ, ಪಾವು, ಗಜಕೋಲು. ಭಾವ ಆ ಪುಟವನ್ನು ನಮಗೆಲ್ಲ ಗಟ್ಟಿಯಾಗಿ ಮೂರು ಸಲ ಓದಿ ಹೇಳಿದರು. ಮೂರನೇ ಸಲ ಓದುವಾಗ ಏಣಿ ಹೊತ್ತುಕೊಂಡು ಹೋಗುತ್ತಿದ್ದ ಕನ್ನಡಕದವರಿಗೂ ಕೇಳಿಸಿತು. ಅವರು ಇದನ್ನು ತಮಾಷೆಯೆಂದು ತಿಳಿದು, ಸೋಪು ಕೊಳ್ಳಲು ಹೋದಾಗ ಮೂಲೆಯ ದಿನಸಿ ಅಂಗಡಿಯವರಿಗೆ ಹೇಳಿದರು.

ದಿನಸಿಯವರ ಪರಿಚಯ ಇಲ್ಲಿ ಅಗತ್ಯ. ಹಿಂದಿನ ತಿಂಗಳು ಅವರ ತಕ್ಕಡಿ ಐದು ಕಿಲೋಗೆ ಹನ್ನೊಂದು ಗ್ರಾಂ ಕಡಿಮೆ ತೂಗಿತೆಂದು ಭಾವ ಅದಕ್ಕೆ ಸೀಲು ಹಾಕಿದ್ದರು. ಹೊಸ ತಕ್ಕಡಿ ಬರುವವರೆಗೆ ಮೂರು ದಿನ ಅಂಗಡಿಯ ಬಾಗಿಲು ಮುಚ್ಚಿತ್ತು. ಆ ಮೂರು ದಿನ ಅವರು ಮುಚ್ಚಿದ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಭಾವ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಬರೀ ನೋಡುತ್ತಿದ್ದರು. ಈಗ ಸೋಪಿನ ಜತೆ ಬಂದ ಸುದ್ದಿಯನ್ನು ಕೇಳಿ, ಕೈಯಲ್ಲಿದ್ದ ಸೌಟನ್ನು ಬೇಳೆಯ ಮೂಟೆಯಲ್ಲಿ ಚುಚ್ಚಿ ನಿಲ್ಲಿಸಿ, "ಇನ್ನೊಂದ್ಸಲ ಹೇಳಿ" ಎಂದರಂತೆ.

ಸಂಜೆಯೊಳಗೆ ಸುದ್ದಿ ಬೀದಿ ಸುತ್ತಿತು. ಸುತ್ತುತ್ತ ಸ್ವಲ್ಪ ದಪ್ಪವೂ ಆಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದರು ಕ್ಷೌರದ ಅಂಗಡಿಯಲ್ಲಿ. ತಕ್ಕಡಿ ಸಾರ್ ಅರವತ್ತರಲ್ಲಿ ಹತ್ತನ್ನು ಮುರಿದುಕೊಂಡು ಮನೆಯಲ್ಲಿ ಇಟ್ಟಿದ್ದಾರೆ ಎಂದರು ಇಸ್ತ್ರಿ ಅಂಗಡಿಯಲ್ಲಿ. ಮರುದಿನ ಬೆಳಿಗ್ಗೆ ದರ್ಜಿ ಮನೆಗೇ ಬಂದ. ಅಕ್ಕನ ರವಿಕೆ ಕೊಡುವ ನೆಪ. ಕಣ್ಣು ಮಾತ್ರ ಅಟ್ಟದ ಮೇಲೆ.

"ಅಕ್ಕಾವ್ರೆ, ತಪ್ಪು ತಿಳ್ಕೋಬೇಡಿ. ಆ ಮಿಕ್ಕಿದ ಹತ್ತು ಎಲ್ಲಿಟ್ಟಿದೀರಿ? ನಾನೂ ತುಂಡು ಬಟ್ಟೆ ಉಳಿಸ್ಕೋತೀನಿ. ಆದ್ರೆ ಅರವತ್ತಕ್ಕೆ ಹತ್ತು ಅಂದ್ರೆ... ಜಾಸ್ತಿ ಆಯ್ತು."

ದಿನಸಿಯವರು ಅರ್ಜಿ ಬರೆದು ಇಲಾಖೆಗೆ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಚೇರಿ ಅದು; ಅರ್ಜಿಗೆ ನಂಬರು ಬಿತ್ತು. ಮುಂದಿನ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಭಾವನ ಮೇಲಧಿಕಾರಿ ದೊಡ್ಡ ಮೇಡಂ ಖುದ್ದಾಗಿ ಬಂದು ಸಾಧನವನ್ನು ಪರೀಕ್ಷಿಸುವರು, ಅಳತೆ ಕಡಿಮೆ ಕಂಡರೆ ಭಾವನನ್ನು ಪರೀಕ್ಷಕ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕುವರು ಎಂದು ನೋಟೀಸು ತಯಾರಾಯಿತು. ನೋಟೀಸು ಬರೆಯುವ ಗುಮಾಸ್ತರು ರಜೆಯಲ್ಲಿದ್ದುದರಿಂದ ಭಾವನೇ ಬರೆದರು. ಹಂಚುವವನೂ ಇಲ್ಲದ್ದರಿಂದ ಭಾವನೇ ತಂದರು. ತಂದವರು ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತು ಗಂಟೆ ಒತ್ತಿದರು.

"ಪರೀಕ್ಷಕರು ಮನೇಲಿದಾರಾ?" ಎಂದು ಅಕ್ಕನನ್ನು ಕೇಳಿದರು.

ಹದಿನೆಂಟು ವರ್ಷ ಸಂಸಾರ ಮಾಡಿದ ಅಕ್ಕ ಒಂದು ಗಳಿಗೆ ಅವರನ್ನು ನೋಡಿದಳು. "ಇಲ್ಲ. ಆಫೀಸಿಂದ ಬಂದಿಲ್ಲ. ಕೊಟ್ಟು ಹೋಗಿ, ಬಂದ್ಮೇಲೆ ಕೊಡ್ತೀನಿ."

ಭಾವ ಅಕ್ಕನಿಂದ ಸಹಿ ಹಾಕಿಸಿಕೊಂಡು, ಮೂಲೆಯವರೆಗೆ ನಡೆದು ಹೋಗಿ, ತಿರುಗಿ ಬಂದು, ಚಪ್ಪಲಿ ಬಿಚ್ಚಿ ಒಳಗೆ ಬಂದರು. ಅಕ್ಕ ನೋಟೀಸು ಕೊಟ್ಟಳು. ಓದಿ ಅವರ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿದರೆ ಮೊದಲ ಸಲ ಓದುತ್ತಿದ್ದಾರೆಂದು ಯಾರಾದರೂ ನಂಬಬೇಕು.

ಭಾನುವಾರ ರೇಡಿಯೋ ಡಾಕ್ಟರನ್ನು ಕರೆಸಲಾಯಿತು. ಅವರು ನಿಜವಾದ ಡಾಕ್ಟರಲ್ಲ; ಹಳೆಯ ರೇಡಿಯೋ ಟೀವಿಗಳನ್ನು ರಿಪೇರಿ ಮಾಡುವವರು. ಅಮ್ಮ ಒಳಗೆ ಮಲಗಿದ್ದಳು. ಡಾಕ್ಟರು ಪೆಟ್ಟಿಗೆಯ ಮುಚ್ಚಳ ತೆಗೆದು, ಊದಿ, ಒಂದು ತಂತಿಯನ್ನು ಬೆಸುಗೆ ಹಾಕಿ, ಹಿಂಭಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಸ್ವಿಚ್ಚು ಕೂರಿಸಿದರು.

"ಈ ಕಡೆ ತಳ್ಳಿದ್ರೆ ಅರವತ್ತು. ಆ ಕಡೆ ತಳ್ಳಿದ್ರೆ ಐವತ್ತು. ಉಗುರಲ್ಲಿ ತಳ್ಳಿದ್ರೆ ಸಾಕು."

"ಆ ಕಡೆ ಯಾಕೆ ಇಟ್ರಿ? ಮುಚ್ಚಿಬಿಡಿ ಅದನ್ನ" ಎಂದರು ಭಾವ.

"ಇರ್ಲಿ ಬಿಡಿ ಸಾರ್. ಹಳೇ ದಾರಿ ಮುಚ್ಚಬಾರದು" ಎಂದು ಡಾಕ್ಟರು ಎದ್ದರು.

ಅರವತ್ತು ಹೇಗಿತ್ತು ಎಂದು ಹೇಳಬೇಕು. ದೀಪದಣ್ಣನಿಗೆ ಕೊನೆಯ ಬಸ್ಸು ತಪ್ಪಿಹೋಗುವ ಭಯ ಹಿಡಿದಿತ್ತು. ಹಾರಿದ್ದು ಕಾಣುವುದರೊಳಗೆ ಇಳಿದಿರುತ್ತಿದ್ದ. ಹಾಡು ಯಾರೋ ಬಾಗಿಲು ಬಡಿಯುವ ಹಾಗೆ ಕೇಳಿಸುತ್ತಿತ್ತು. ಮನೆಗೂ ಅದೇ ಅಂಟಿತು. ಒಲೆಯ ಮೇಲೆ ಹಾಲು ಉಕ್ಕಿತು. ಅಕ್ಕನ ಸೂಜಿ ಬೆರಳಿಗೆ ಚುಚ್ಚಿತು. ಸೋಫಾದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ಕೂತು, ಎಲ್ಲಿಯಾದರೂ ಕೆಲಸ ಹುಡುಕಬೇಕೇನೋ ಎಂಬ ಕೆಟ್ಟ ಯೋಚನೆ ಕೂಡ ಬಂತು.

ಭಾವ ಮಾತ್ರ ಟೀವಿಯ ಪಕ್ಕ ಸೆಟೆದು ನಿಂತಿದ್ದರು. "ಈಗ ನೋಡಿ ಅತ್ತೆ! ರಿಪೇರಿ ಮಾಡಿಸಿದೀನಿ. ಪೂರ್ತಿ ಅರವತ್ತು. ಒಂದೂ ಕಡಿಮೆ ಇಲ್ಲ!"

ಅಮ್ಮ ಗುಂಡಿ ಒತ್ತುವ ಹೊತ್ತಿಗೆ ದೀಪದಣ್ಣ ಆಗಲೇ ಬಿದ್ದಿದ್ದ. ಮತ್ತೆ ಹೊರಟಳು. ಮತ್ತೆ ಬಿದ್ದ. ಏಳನೇ ಬೀದಿಯವರೆಗೆ ಹೋಗಿದ್ದವಳು ಮೊದಲನೇ ಬೀದಿಯ ಎರಡನೇ ದೀಪ ದಾಟಲಿಲ್ಲ.

"ಅಭ್ಯಾಸ ಆಗುತ್ತೆ ಅತ್ತೆ" ಎಂದರು ಭಾವ.

ಸೋಮವಾರವೂ ಹಾಗೆಯೇ ಆಯಿತು. ಮಂಗಳವಾರ ಅಮ್ಮ ಅರ್ಧ ಗಂಟೆಗೇ ರಿಮೋಟನ್ನು ಟೀವಿಯ ಮೇಲಿಟ್ಟು, ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡು ಕೂತಳು.

"ಯಾಕತ್ತೆ?"

"ಕಣ್ಣು ಉರೀತಿದೆ." ಶಾಲು ಎಳೆದುಕೊಂಡು ಹೇಳಿದಳು, "ಪೆಟ್ಟಿಗೇದು ಏನೂ ತಪ್ಪಿಲ್ಲ ಅಳಿಯಂದ್ರೆ. ಅದು ಪೂರ್ತಿ ಕೊಡ್ತಾ ಇದೆ. ತಗೊಳ್ಳೋಕೆ ಕೈ ಬೇಕಲ್ಲ."

ಬುಧವಾರ ಬೆಳಿಗ್ಗೆ ಅಮ್ಮ ಅಕ್ಕನನ್ನು ಕೋಣೆಗೆ ಕರೆದು, "ಸ್ವಲ್ಪ ಗುಂಡಿ ಹಾಕಿಕೊಡು ಮಗಳೇ" ಎಂದಳು. ಒಂದೂವರೆ ವರ್ಷದಿಂದ ಆ ಮಾತು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಹಜಾರದಲ್ಲಿ ಬ್ರೆಡ್ಡು ತೂಗುತ್ತಿದ್ದ ಭಾವನಿಗೂ ಅದು ಕೇಳಿಸಿತು. ಅವರು ಬ್ರೆಡ್ಡನ್ನು ತಕ್ಕಡಿಯಿಂದ ತೆಗೆಯುವುದನ್ನೇ ಮರೆತು ಆಫೀಸಿಗೆ ಹೋದರು. ನನಗೂ ಬಹಳ ಕೆಟ್ಟದೆನಿಸಿತು. ಅಂದು ಮಧ್ಯಾಹ್ನ ಮೂರಕ್ಕೆ ಯಾರೂ ಪರದೆ ಎಳೆಯಲಿಲ್ಲ.

ಗುರುವಾರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂವರೆಗೇ ಹಜಾರದಲ್ಲಿ ಅತ್ತಿಂದಿತ್ತ ನಡೆಯತೊಡಗಿದರು. ಪೆಟ್ಟಿಗೆ ಸರಿಯಾಗಿದೆ, ಅರವತ್ತು ಕೊಡುತ್ತಿದೆ, ಮೇಡಂ ಬಂದು ನೋಡಿ ಹೋದರೆ ಮುಗಿಯಿತು. ಹೆದರುವಂಥದ್ದು ಏನೂ ಇರಲಿಲ್ಲ. ನಾನು ಸೋಫಾದ ಮೇಲೆ ಅರ್ಧ ಕಣ್ಣು ಮುಚ್ಚಿ ಮಲಗಿದ್ದೆ. ಮೂರಕ್ಕೆ ಹತ್ತು ನಿಮಿಷ ಇದ್ದಾಗ ಭಾವ ಟೀವಿಯ ಹತ್ತಿರ ಹೋದರು. ಸುತ್ತ ನೋಡಿದರು. ಕೈ ಪೆಟ್ಟಿಗೆಯ ಹಿಂದೆ ಹೋಯಿತು. ಟಕ್ ಎಂದಿತು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ಬಂದು ಪರದೆ ಎಳೆದಳು.

"ಅತ್ತೆ, ಮೇಡಂ ಬರೋದ್ರೊಳಗೆ ಒಂದ್ಸಲ ಆಡಿ. ಪೆಟ್ಟಿಗೆ ಬೆಚ್ಚಗಾಗಿರ್ಲಿ" ಎಂದು ಭಾವ ಕರೆದರು.

"ಬೇಡ ಅಳಿಯಂದ್ರೆ. ನಿಮ್ಮ ಮರ್ಯಾದೆ ಪ್ರಶ್ನೆ, ನಾನು ಬೀಳ್ಸಿ ಬೀಳ್ಸಿ..."

"ಒಂದೇ ಸಲ."

ಅಮ್ಮ ಮನಸ್ಸಿಲ್ಲದೆ ಕೂತು ಗುಂಡಿ ಒತ್ತಿದಳು. ದೀಪದಣ್ಣ ಹಾರಿದ. ಗಾಳಿಯಲ್ಲಿ ತುಸು ನಿಂತ. ಆಮೇಲೆ ಇಳಿದ. ಒಂದು ದೀಪ ಹತ್ತಿತು. ಎರಡು ಹತ್ತಿತು. ಮೂರು. ಅಮ್ಮ ಟೀವಿಯನ್ನು ಬಿಟ್ಟು ತನ್ನ ಹೆಬ್ಬೆರಳನ್ನು ನೋಡಿದಳು, ಬೇರೆ ಯಾರದ್ದೋ ಬೆರಳನ್ನು ನೋಡುವವಳ ಹಾಗೆ.

"ಅಳಿಯಂದ್ರೆ, ಕೈ ಬಂತು! ಅರವತ್ತಕ್ಕೆ ಕೈ ಬಂತು! ನಾನೇ ಚುರುಕಾಗಿಬಿಟ್ಟೆ!"

"ಮೂರು ದಿನ ಅಭ್ಯಾಸ ಮಾಡಿದ್ರಲ್ಲ ಅತ್ತೆ" ಎಂದರು ಭಾವ ಕಿಟಕಿಯ ಕಡೆ ತಿರುಗಿಕೊಂಡು. ನಾಲ್ಕು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ದೊಡ್ಡ ಮೇಡಂ ಬಂದರು. ಅವರ ಹಿಂದೆ ಅರ್ಜಿದಾರರಾದ ದಿನಸಿಯವರು, ತಿಳಿದವರೆಂದು ಕನ್ನಡಕದವರು, ರಿಪೇರಿ ಮಾಡಿದವರೆಂದು ರೇಡಿಯೋ ಡಾಕ್ಟರು, ಯಾವ ಕಾರಣವೂ ಇಲ್ಲದೆ ದರ್ಜಿ. ಮೇಡಂ ತಮ್ಮ ಚರ್ಮದ ಪೆಟ್ಟಿಗೆ ತೆರೆದು ಹಿತ್ತಾಳೆಯ ಒಂದು ಕಿಲೋ ಬಟ್ಟನ್ನು ಮೇಜಿನ ಮೇಲಿಟ್ಟರು. ಉಕ್ಕಿನ ಮೀಟರು ಕೋಲನ್ನು ತೆಗೆದು ಟೀವಿಯ ಗಾಜಿಗೆ ಹಿಡಿದು ನೋಡಿ ವಾಪಸು ಇಟ್ಟರು.

"ಇದನ್ನ ಅಳೆಯೋದು ಹೇಗೆ?" ಎಂದು ಕೇಳಿದರು.

ಕನ್ನಡಕದವರು ಮುಂದೆ ಬಂದರು. "ಸುಲಭ ಮೇಡಂ. ಮೊದಲನೇ ಬೀದಿ ಹಾಡು ಇದೆಯಲ್ಲ, ಅರವತ್ತು ಫ್ರೇಮಿನ ಪೆಟ್ಟಿಗೇಲಿ ಅದು ಸರಿಯಾಗಿ ಅರವತ್ತು ಸೆಕೆಂಡು. ಐವತ್ತರಲ್ಲಿ ಎಳೆದು ಎಪ್ಪತ್ತೆರಡಾಗುತ್ತೆ. ಹಾಡು ಮುಗಿಯೋವರೆಗೆ ಗಡಿಯಾರ ಹಿಡಿದ್ರೆ ಮುಗೀತು."

ಮೇಡಂ ಸರ್ಕಾರಿ ಸೀಲಿದ್ದ ಸ್ಟಾಪ್ ವಾಚನ್ನು ತೆಗೆದು ದಿನಸಿಯವರ ಕೈಗೆ ಕೊಟ್ಟರು. "ನೀವೇ ಹಿಡೀರಿ. ಆಮೇಲೆ ಇಲಾಖೆಯವರು ಅವರವರಲ್ಲೇ ಮಾಡ್ಕೊಂಡ್ರು ಅನ್ನೋ ಮಾತು ಬರಬಾರದು."

ದಿನಸಿಯವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೂರು ದಿನ ಸ್ಟೂಲಿನ ಮೇಲೆ ಕೂತ ಮನುಷ್ಯ. ಆ ಕ್ಷಣ ಅವರ ಮುಖದಲ್ಲಿ ಎಂಥ ತೃಪ್ತಿಯಿತ್ತೆಂದರೆ, ನಮ್ಮ ಕಡೆಯವನಾದ ನನಗೂ ಛೇ ಪಾಪ ಅನ್ನಿಸಿತು.

"ಅಮ್ಮಾ, ಇದನ್ನ ದಿನಾ ಆಡೋರು ನೀವಾ?" ಎಂದು ಮೇಡಂ ಕೇಳಿದರು.

ಕೇಳಬಾರದಿತ್ತು. ಅಮ್ಮ ಮೊದಲಿಂದ ಶುರುಮಾಡಿದಳು. "ಹೂಂ ಕಣಮ್ಮ. ಈ ಕೈ ಸತ್ತೇಹೋಗಿತ್ತು. ಇದನ್ನ ಆಡಿ ಆಡಿ ಬಂದಿದ್ದು. ಹೋದ ಭಾನುವಾರ ನಮ್ಮ ಅಳಿಯಂದ್ರು ಪೆಟ್ಟಿಗೆ ಚುರುಕು ಮಾಡಿಸಿದ್ರು ನೋಡು, ನನ್ನ ಕೈಲಿ ಆಗಲೇ ಇಲ್ಲ. ಮುಗೀತು, ಇನ್ನು ಈ ಕೈ ಇಷ್ಟೇ, ಬರಬರ್ತಾ ಇನ್ನೂ ಕೆಡುತ್ತೆ ಅಂದ್ಕೊಂಡೆ. ನಿನ್ನೆ ಗುಂಡಿ ಹಾಕ್ಕೊಳ್ಳೋಕೂ ಧೈರ್ಯ ಬರಲಿಲ್ಲ. ಇವತ್ತು ನೋಡಿದ್ರೆ..." ಅಮ್ಮ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಅರವತ್ತಕ್ಕೆ ಅರವತ್ತೂ ಹಿಡೀತಿದೆ! ನೀವೇ ನೋಡ್ತೀರಂತೆ."

ಆಟ ಶುರುವಾಯಿತು. ದಿನಸಿಯವರು ವಾಚು ಒತ್ತಿದರು. ದೀಪದಣ್ಣ ಮೊದಲ ಮಾಡಿನಿಂದ ಹಾರಿ ಗಾಳಿಯಲ್ಲಿ ನಿಂತ.

ಅವನು ನಿಂತ ರೀತಿ ನೋಡಿದ ಕೂಡಲೇ ಕನ್ನಡಕದವರಿಗೆ ತಿಳಿಯಿತು. ಅವರು ಕನ್ನಡಕ ತೆಗೆದು, ಅದರಲ್ಲಿ ಧೂಳಿಲ್ಲದಿದ್ದರೂ ಒರೆಸತೊಡಗಿದರು. ರೇಡಿಯೋ ಡಾಕ್ಟರು ಬಗ್ಗಿ ಪೆಟ್ಟಿಗೆಯ ಹಿಂಭಾಗ ನೋಡಿ, ನೆಟ್ಟಗಾಗಿ, ಚಾವಣಿ ನೋಡಿದರು. ಭಾವ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಮೇಡಂ ಮಾತ್ರ ಎದುರು ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಕೂತಿದ್ದರು.

ಪರದೆಯ ನೆರಳಲ್ಲಿ ಹಾಡು ಎಳೆದೆಳೆದು ಹೋಯಿತು. ದೀಪಗಳು ಒಂದಾದ ಮೇಲೆ ಒಂದು ಹತ್ತಿದವು. ಮುಳ್ಳು ಪೂರ್ತಿ ಒಂದು ಸುತ್ತು ಬಂತು. ಹಾಡು ಮುಗಿಯಲಿಲ್ಲ. ಯಾರೂ ಅಲುಗಲಿಲ್ಲ. ದರ್ಜಿಯ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಉಳಿದ ಹನ್ನೆರಡು ಸೆಕೆಂಡು ಎಷ್ಟು ಉದ್ದವಿತ್ತೆಂದರೆ, ಅದರೊಳಗೆ ಭಾವ ಉಗ್ರಾಣಕ್ಕೆ ಹೋಗಿ, ಅಲ್ಲಿ ತುಕ್ಕು ಹಿಡಿದ ತಕ್ಕಡಿಗಳ ನಡುವೆ ಕೂತು, ಅಲ್ಲೇ ನಿವೃತ್ತರಾಗಿ ಮನೆಗೆ ಬಂದದ್ದೆಲ್ಲ ನನಗೆ ಕಂಡಿತು. ಕೊನೆಯ ದೀಪ ಹತ್ತಿ ಹಾಡು ನಿಂತಿತು. ವಾಚು ಟಕ್ ಎಂದಿತು.

"ಎಷ್ಟು?" ಎಂದರು ಮೇಡಂ.

ದಿನಸಿಯವರು ವಾಚು ನೋಡಿದರು. ತಲೆಯೆತ್ತಿ ಭಾವನನ್ನು ನೋಡಿದರು. ಇನ್ನೊಮ್ಮೆ ವಾಚು ನೋಡಿದರು. ಅಮ್ಮ ರಿಮೋಟು ಹಿಡಿದ ಕೈಯನ್ನು ಹಾಗೆಯೇ ಎತ್ತಿಕೊಂಡು ಅವರ ಬಾಯನ್ನೇ ಕಾಯುತ್ತಿದ್ದಳು.

"ಬೇಗ ಹೇಳಪ್ಪಾ, ಎರಡನೇ ಬೀದಿ ಶುರುವಾಗುತ್ತೆ."

"ಅರವತ್ತು" ಎಂದರು ದಿನಸಿಯವರು.

ದರ್ಜಿ ತೆರೆದ ಬಾಯಿ ಮುಚ್ಚಿದ.

"ಅರವತ್ತು ಮೇಡಂ. ಸರಿಯಾಗಿ ಅರವತ್ತು ಸೆಕೆಂಡು. ಯಾರೋ ಹೇಳಿದ್ದು ಕೇಳಿ ಅರ್ಜಿ ಕೊಟ್ಟೆ, ತಪ್ಪಾಯ್ತು" ಎಂದು ವಾಚಿನ ಗುಂಡಿ ಒತ್ತಿ ಅದನ್ನು ಸೊನ್ನೆಗೆ ತಂದು ಮೇಜಿನ ಮೇಲಿಟ್ಟರು.

ಮೇಡಂ ಗೋಡೆಯ ಗಡಿಯಾರದಿಂದ ಕಣ್ಣು ತೆಗೆದು ದಿನಸಿಯವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಮ್ಮನ ಕೈ ನೋಡಿದರು. "ನನ್ನ ಲೆಕ್ಕಾನೂ ಅಷ್ಟೇ ಬಂತು" ಎಂದು ವರದಿಯಲ್ಲಿ ಬರೆದು, ಸಹಿಗಾಗಿ ಭಾವನ ಮುಂದೆ ತಳ್ಳಿದರು.

ಹನ್ನೊಂದು ಗ್ರಾಂ ಬಿಡದ ನಮ್ಮ ಭಾವ ಆ ಕಾಗದ ಓದಿದರು. ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಆಮೇಲೆ ಸಹಿ ಹಾಕಿದರು.

"ಎಲ್ರೂ ಕೂತ್ಕೊಳ್ಳಿ. ಇಷ್ಟು ದೂರ ಬಂದಿದೀರಿ" ಎಂದಳು ಅಮ್ಮ. ಯಾರೂ ಎದ್ದಿರಲಿಲ್ಲ. ಅಕ್ಕ ಚಹಾ ತಂದಳು. ಅದು ಲೋಟಗಳಲ್ಲಿ ಆರಿತು. ಅಮ್ಮ ನಾಲ್ಕನೇ ಬೀದಿ ದಾಟಿದಳು, ಆರನೆಯದನ್ನು ದಾಟಿದಳು. ಏಳರಲ್ಲಿ ದರ್ಜಿ "ಪತಂಗ, ಪತಂಗ, ಎಡಕ್ಕೆ" ಎಂದು ಕೂಗಿ ಮೇಡಂ ಕೈಯಲ್ಲಿ ಬೈಸಿಕೊಂಡ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎಂದೂ ನೋಡಿರದ ಎಂಟನೇ ಬೀದಿ ಬಂತು. ಅದು ಒಂದು ಹೊಳೆಯ ದಂಡೆ. ನೀರಿನಲ್ಲಿ ಎಲ್ಲ ದೀಪಗಳ ನೆರಳು. ಪತಂಗಗಳು ಸಾವಿರ. ಪೆಟ್ಟಿಗೆ ಏದುಸಿರು ಬಿಡುತ್ತ ಎಷ್ಟು ನಿಧಾನವಾಯಿತೆಂದರೆ, ದೀಪದಣ್ಣ ನೀರಿನ ಮೇಲೆ ನಿಂತೇಬಿಟ್ಟ ಹಾಗಿತ್ತು. ಅಮ್ಮ ಮೂರು ದೀಪ ಹಚ್ಚಿದಳು. ನಾಲ್ಕನೆಯದಕ್ಕೆ ಬಿದ್ದ. ಎಂಟು ಜನ ಒಟ್ಟಿಗೆ ಅಯ್ಯೋ ಎಂದರು.

"ಮಿಕ್ಕಿದ್ದು ನಾಳೆ" ಎಂದಳು ಅಮ್ಮ, ಬೆವರಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಎಲ್ಲರೂ ಹೊರಟರು. ದಿನಸಿಯವರು ಬಾಗಿಲ ಬಳಿ ಕೊನೆಯವರಾಗಿ ಚಪ್ಪಲಿ ಹುಡುಕುತ್ತಿದ್ದರು. ಭಾವ ಅವರ ಹಿಂದೆಯೇ ಹೋದರು. ನಾನೂ ಹೋದೆ. ಭಾವ ಎರಡು ಸಲ ಕೆಮ್ಮಿದರು.

"ಅದು ಎಪ್ಪತ್ತೆರಡು ಇತ್ತು" ಎಂದರು ಮೆಲ್ಲಗೆ.

"ಗೊತ್ತು ಸಾರ್."

"ಹನ್ನೆರಡು ಹೆಚ್ಚು."

ದಿನಸಿಯವರು ಚಪ್ಪಲಿ ಮೆಟ್ಟಿಕೊಂಡು, ಒಳಗೆ ಅಮ್ಮ ಇದ್ದ ಕಡೆಗೊಮ್ಮೆ ನೋಡಿದರು.

"ಅದು ಕೊಸರು ಸಾರ್. ವಯಸ್ಸಾದೋರಿಗೆ ಮೇಲೆ ಒಂದು ಹಿಡಿ ಹಾಕಿದ್ದನ್ನ ಯಾರಾದ್ರೂ ತೂಗ್ತಾರಾ?"